ರೋಮಿನ ಮುದುಕನಿಗೆ ಕೊಟ್ಟ ಮಾತು

ಅಣ್ಣಯ್ಯ, ಟಿವಿಯಲ್ಲಿ ಆ ರೋಮಿನ ಮುದುಕ ಆಡಿದ ಮಾತು ಮೂಲದಲ್ಲಿ ಇರಲಿಲ್ಲ. ಅದು ನಿನ್ನ ಮಾತು. ಕದ್ದು ಬರೆದವಳು ನಾನು — ನೀನು ಕೇಳಿದಾಗ ಇಲ್ಲ ಎಂದವಳೂ ನಾನೇ.

ಅಪ್ಪ ಹೋದ ಮೇಲೆ ಕಳಸದ ತೋಟವನ್ನು ನಿನ್ನ ಹೆಸರಿಗೆ ಮಾಡಿಸುವಾಗ, ನಮ್ಮ ಕಡೆಯ ಹೆಣ್ಣುಮಕ್ಕಳು ಮಾಡುತ್ತ ಬಂದದ್ದನ್ನೇ ನಾನೂ ಮಾಡಬೇಕಿತ್ತು. ಸೀರೆ, ಅರಿಶಿನ ಕುಂಕುಮ ತೆಗೆದುಕೊಂಡು, ಹಕ್ಕು ಬಿಟ್ಟೆ ಎಂದು ರುಜು ಹಾಕುವುದು. ಸೋದರತ್ತೆಯರು ಹಾಕಿದ್ದರು. ನಾನು ಹಾಕಲಿಲ್ಲ, ನನ್ನ ಪಾಲು ಕೇಳಿದೆ. ಸೀರೆಯನ್ನು ಜಗಲಿಯ ಮೇಲೇ ಇಟ್ಟು ಹೊರಟೆ. ತೋಟದ ಅಂಚಿನ ಹಳ್ಳದವರೆಗೂ ನೀನು ಹಿಂದೆ ಬಂದೆ. ತೋಟದ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ಕೆಲಸದ ಹೆಂಗಸರು ಎಲ್ಲರೂ ನೋಡುತ್ತಿದ್ದರು.

"ಈ ನೀರು ದಾಟಿದ್ಯೋ, ಇನ್ನು ಈ ಮನೇಲಿ ನಿಂಗೆ ಎಲೆ ಹಾಕಲ್ಲ. ತಂಗಿ ಅಂತನೂ ಕರೆಯಲ್ಲ."

ದಾಟಿದೆ. ಪಾಲು ಕೇಳಿದ್ದು ತಪ್ಪು ಎಂದು ನನಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ.

ಎರಡು ವರ್ಷ ಕಳೆದು ಆ ಧಾರಾವಾಹಿ ನನ್ನ ಕೈಗೆ ಬಂತು. ಚಿಕ್ಕಮಗಳೂರಿನ ಮನೆಯಲ್ಲಿ ಕೂತು ಡಬ್ಬಿಂಗಿಗೆ ಕನ್ನಡ ಮಾತು ಬರೆಯುವುದು ನನ್ನ ಕೆಲಸ ಎಂದು ನಿನಗೆ ಗೊತ್ತಲ್ಲ. ರೋಮನ್ನರು ತಮ್ಮತಮ್ಮಲ್ಲೇ ಹೊಡೆದಾಡಲು ಹೊರಟ ಕಂತು ಅದು. ಸೇನಾಪತಿ ಸೈನ್ಯದೊಂದಿಗೆ ಒಂದು ಸಣ್ಣ ಹೊಳೆಯ ದಡದಲ್ಲಿ ನಿಂತಿದ್ದಾನೆ. ದಾಟಿದರೆ ತನ್ನವರ ಮೇಲೇ ಯುದ್ಧ. ತಡೆಯಲು ಬಂದ ಅವನ ಮನೆಯ ಹಿರಿಯನೊಬ್ಬ ಕ್ಯಾಮೆರಾಕ್ಕೆ ಬೆನ್ನು ಹಾಕಿ ಸುಮ್ಮನೆ ನಿಂತಿದ್ದಾನೆ. ಬೆನ್ನು ಹಾಕಿದವನ ಬಾಯಿಗೆ ನಮ್ಮ ಕಸುಬಿನವರು ಏನು ಬೇಕಾದರೂ ತುಂಬಬಹುದು — ತುಟಿಗೆ ಹೊಂದಿಸುವ ತಾಪತ್ರಯವಿಲ್ಲ. ನಾನು ನಿನ್ನನ್ನು ತುಂಬಿದೆ. ಎಲೆ ಸಮೇತ. ಹೊಟ್ಟೆ ಉರಿದು ಬರೆದೆ. ಬರೆದು ಸಮಾಧಾನವೂ ಆಯಿತು.

ಪ್ರಸಾರವಾದ ಮರುದಿನದಿಂದ ಕಣದಲ್ಲಿ ಕಾಫಿ ಹರಡುವ ಹೆಂಗಸರು ಆ ಮಾತನ್ನು ನಿನ್ನ ಧಾಟಿಯಲ್ಲೇ ಹೇಳಿ ನಗುತ್ತಿದ್ದರಂತೆ. ಕಳಸದ ಪೇಟೆಯಲ್ಲಿ ನಿನಗೆ ರೋಮಿನ ಗೌಡ್ರು ಎಂದು ಹೆಸರು ಬಿತ್ತಂತೆ. ಆಗ ನೀನು ಫೋನ್ ಮಾಡಿದೆ, ಎರಡು ವರ್ಷದ ಮೇಲೆ ಮೊದಲ ಸಲ.

"ಅದು ನೀನು ಬರ್ದಿದ್ದಾ, ಶಾರದಾ?"

"ಇಲ್ಲ ಅಣ್ಣಯ್ಯ, ಮೂಲದಲ್ಲೇ ಇತ್ತು. ಅಲ್ಲಿ ತಟ್ಟೆ ಅಂತಿತ್ತು, ನಾನು ಎಲೆ ಮಾಡ್ದೆ ಅಷ್ಟೆ."

ಆ ತಟ್ಟೆ — ಎಷ್ಟು ಸಲೀಸಾಗಿ ಬಂತು ಅದು ನನ್ನ ಬಾಯಿಗೆ. ನೀನು ನಂಬಿದೆ. ನಂಬಿ ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಪೇಟೆಯ ಹೋಟೆಲಿನಲ್ಲಿ ನಕ್ಕವರೆದುರು ಎದ್ದು ನಿಂತು ನೀನು ಹೇಳಿದ್ದನ್ನು ರೈಟರು ನನಗೆ ತಿಳಿಸಿದರು. "ನನ್ನ ತಂಗಿ ಅಂಥ ಕೆಲ್ಸ ಮಾಡೋಳಲ್ಲ ಮಾರಾಯ. ಜಗಳ ಆಡ್ತಾಳೆ, ಮರ್ಯಾದೆ ಕಳೆಯಲ್ಲ."

ತಂಗಿ ಎಂದೆಯಂತೆ. ಆ ದೀಪಾವಳಿಗೆ ಕರೆದೆ. ನೀನೇ ಎಲೆ ಹಾಕಿದೆ. ನಾನು ಉಂಡೆ — ಐದು ವರ್ಷ, ಪ್ರತಿ ಹಬ್ಬಕ್ಕೂ. ನಾಚಿಕೆಯಾಗುತ್ತಿತ್ತು.

ಈಗ ಆ ಧಾರಾವಾಹಿ ಮತ್ತೆ ಬರಲಿದೆ. ತಿದ್ದುವುದಿದ್ದರೆ ತಿದ್ದಿ ಎಂದು ಸ್ಕ್ರಿಪ್ಟು ಕಳಿಸಿದ್ದಾರೆ. ಮುದುಕನನ್ನು ಮೂಕನಾಗಿಸುವುದು ಒಂದು ನಿಮಿಷದ ಕೆಲಸ. ಮಾಡಲಿಲ್ಲ. ಆ ಮಾತು ನೀನು ಆಡಿದ್ದು ನಿಜ, ಅಣ್ಣಯ್ಯ. ನನ್ನ ಹಾಗೆ ಅದನ್ನು ಕೇಳಿಸಿಕೊಂಡ ಹೆಣ್ಣುಮಕ್ಕಳು ಈ ಬೆಟ್ಟಗಳಲ್ಲಿ ಮನೆಗೊಬ್ಬರಿದ್ದಾರೆ. ಅದು ಹಾಗೇ ಇರಲಿ. ತೆಗೆಯಬೇಕಾದದ್ದು ತಟ್ಟೆಯ ಸುಳ್ಳು.

ಭಾನುವಾರ ಬರುತ್ತೇನೆ. ಹಳ್ಳ ದಾಟದೆ ಈಚೆಯೇ ನಿಂತಿರುತ್ತೇನೆ, ಕೆಲಸದವರೆಲ್ಲ ಇರುವಾಗ, ಇದನ್ನು ಗಟ್ಟಿಯಾಗಿ ಹೇಳುವುದಕ್ಕೆ. ತಂಗಿ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿದ್ದರೆ ತೆಗೆದುಕೊ — ಅದನ್ನು ನಾನು ಸುಳ್ಳು ಹೇಳಿ ಪಡೆದೆ. ಪಾಲನ್ನು ಮಾತ್ರ ಬಿಡುವುದಿಲ್ಲ. ಅದನ್ನು ನಾನು ಯಾರಿಂದಲೂ ಕದ್ದಿಲ್ಲ.