ಮೂರನೆಯ ಉಲ್ಲೇಖ

ಶಹಾಬಾದಿನ ಸಣ್ಣ ಪಾಲಿಶ್ ಮಷೀನ್ ಮಾಲೀಕರ ಸಂಘಕ್ಕೆ ಇಪ್ಪತ್ತೆರಡು ವರ್ಷಗಳಿಂದ ಮಡಿವಾಳಯ್ಯನೇ ಕಾರ್ಯದರ್ಶಿ. ಮಾಲೀಕರು ಎಂದ ಕೂಡಲೇ ದೊಡ್ಡ ಕುಳಗಳೆಂದು ತಿಳಿಯಬೇಡಿ. ಒಟ್ಟು ನಲವತ್ತೊಂದು ಮಂದಿ. ಒಬ್ಬೊಬ್ಬರ ಹಿತ್ತಲಲ್ಲಿ ಒಂದೊಂದು ಮಷೀನು, ಮೇಲೆ ತಗಡು, ದಿನವಿಡೀ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತಿಕ್ಕಿ ನುಣುಪು ಮಾಡುವ ಕೆಲಸ. ಮಡಿವಾಳಯ್ಯನದೂ ಅಂಥದೇ ಒಂದು. ಆದರೆ ಅವನ ಮಷೀನನ್ನು ನಡೆಸುತ್ತಿದ್ದವರು ಹೆಂಡತಿ ಗುರುದೇವಿ ಮತ್ತು ಕೂಲಿಗೆ ಬರುತ್ತಿದ್ದ ಲಾಲಮ್ಮ. ಅವನು ನಡೆಸುತ್ತಿದ್ದುದು ಪೆನ್ನು ಮಾತ್ರ.

ಮನವಿ ಪತ್ರ ಬರೆಯುವುದರಲ್ಲಿ ಅವನನ್ನು ಮೀರಿಸುವವರು ಸುತ್ತ ನಾಲ್ಕು ತಾಲೂಕಿನಲ್ಲಿ ಇರಲಿಲ್ಲ. ‘ತಹಸೀಲ್ದಾರರ ಮುಖಾಂತರ ಮಾನ್ಯ ಮುಖ್ಯಮಂತ್ರಿಗಳಿಗೆ’ ಎಂದು ಅವನು ಶುರು ಮಾಡಿದರೆ ಸಾಕು, ಓದುವ ಗುಮಾಸ್ತನಿಗೂ ಬೆನ್ನು ನೆಟ್ಟಗಾಗಬೇಕು. ಎರಡನೆಯ ಪ್ರತಿಯ ಮೇಲೆ ಕಚೇರಿಯ ಗುಂಡನೆಯ ಮೊಹರು ಬಿದ್ದ ಮೇಲೆಯೇ ಅವನು ಉಸಿರು ಬಿಡುತ್ತಿದ್ದ. ಆಮೇಲೆ ಫೋಟೋ. ಸಾಹೇಬರು ಕಾಗದದ ಒಂದು ಅಂಚು ಹಿಡಿದರೆ, ಇನ್ನೊಂದು ಅಂಚನ್ನು ಹಿಡಿದವನೇ ಮುಖಂಡ. ಉಳಿದವರು ಹಿಂದೆ ಕತ್ತು ಚಾಚುವ ಮಂದಿ. ಇಪ್ಪತ್ತೆರಡು ವರ್ಷ ಆ ಅಂಚನ್ನು ಮಡಿವಾಳಯ್ಯ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿರಲಿಲ್ಲ. ಇಷ್ಟೆಲ್ಲ ಕಾಗದದಿಂದ ಆಗಿದ್ದೇನು ಎಂದು ಕೇಳಿದರೆ, ಒಂದು ಟ್ರಾನ್ಸ್‌ಫಾರ್ಮರ್ ಬಂತು. ಅದೂ ಸುಟ್ಟು ಹೋಗಿತ್ತು.

ಇಂಥವನ ಗೋಡೆಗೆ ಗೋಡೆ ಹಚ್ಚಿ ಸಂತೋಷಕುಮಾರ ಇದ್ದ. ಚಿಕ್ಕಪ್ಪನ ಮಗ, ಹನ್ನೆರಡು ವರ್ಷ ಸಣ್ಣವನು. ವಾಡಿ ರಸ್ತೆಯಲ್ಲಿ ದೊಡ್ಡ ದೊಡ್ಡ ಪಾಲಿಶ್ ಕಾರ್ಖಾನೆ ಇಟ್ಟವರೆಲ್ಲ ಕೂಡಿ ಮಾಡಿಕೊಂಡ ಮಹಾಮಂಡಳಕ್ಕೆ ಅವನು ಅಧ್ಯಕ್ಷ. ಜೀವಮಾನದಲ್ಲಿ ಒಂದು ನೆಟ್ಟಗಿನ ಮನವಿ ಬರೆದವನಲ್ಲ. ಸೇಡಂನಲ್ಲಿ ಯಾವ ಅಧಿಕಾರಿಯ ಮಾವ ತೀರಿಕೊಂಡರೂ ಬೀಗರಿಗಿಂತ ಮೊದಲು ಇವನು ಹೋಗಿ ಕೂತಿರುತ್ತಿದ್ದ. ಚಿತ್ತಾಪುರದಲ್ಲಿ ಯಾವ ಸಹಾಯಕನ ಮಗಳಿಗೆ ಎಷ್ಟು ಮಾರ್ಕ್ಸ್ ಬಂದಿದೆ ಎಂಬುದು ಆ ಹುಡುಗಿಯ ತಾಯಿಗಿಂತ ಇವನಿಗೆ ಚೆನ್ನಾಗಿ ಗೊತ್ತು. ಸರ್ಕಾರದ ಯಾವುದೇ ನಿಯಮ ಕರಡಿನಲ್ಲಿ ಇರುವಾಗಲೇ ಸಂತೋಷಕುಮಾರನ ಮೊಬೈಲಿಗೆ ಬಂದು ಬೀಳುತ್ತಿತ್ತು. ಮಡಿವಾಳಯ್ಯನಿಗೆ ಅದು ತಿಳಿಯುತ್ತಿದ್ದುದು ಪೇಪರಿನಲ್ಲಿ ಅಚ್ಚಾದ ಮೇಲೆ.

ಹೊಟ್ಟೆ ಉರಿಯದೆ ಏನಾಗಬೇಕು? ಒಮ್ಮೆ ಮಂತ್ರಿಗಳ ಮನೆಯ ಹೊರಗಿನ ಬೆಂಚಿನ ಮೇಲೆ ಮಡಿವಾಳಯ್ಯ ಚೀಟಿ ಕಳಿಸಿ ಮೂರು ತಾಸು ಕೂತಿದ್ದ. ಸಂತೋಷಕುಮಾರ ಬಂದ. ಗೇಟಿನ ಪೊಲೀಸ “ಬರ್ರಿ ಸಂತೋಷಣ್ಣ” ಎಂದು ಬಾಗಿಲು ತೆಗೆದ. ಕಾಲು ಗಂಟೆಯ ಮೇಲೆ ಸಂತೋಷಕುಮಾರ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ ಹೊರಬಂದು, “ಅಣ್ಣಾ, ನೀವಿನ್ನೂ ಇಲ್ಲೇ ಕುಂತೀರಿ? ಒಳಗ ಚುರುಮುರಿ ಸುಸಲಾ ಭಾಳ ಚಲೋ ಮಾಡ್ಯಾರ” ಎಂದ. ಆ ಸುಸಲಾ ತಿಂದವನು ಅವನಾದರೂ, ಮಡಿವಾಳಯ್ಯನ ಹೊಟ್ಟೆಯಲ್ಲಿ ಅದು ಇವತ್ತಿಗೂ ಕರಗಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ಸಂಜೆ ಸಂತೋಷಕುಮಾರ ತಾನೇ ಅಣ್ಣನ ಮನೆಗೆ ಬಂದ. ಮೊಬೈಲ್ ತೆರೆದು ತೋರಿಸಿದ. ಪಾಲಿಶ್ ಮಷೀನಿನಿಂದ ಹರಿಯುವ ಬಿಳಿ ರಾಡಿ ಹಳ್ಳ ಸೇರುತ್ತದೆಂದು, ವಸತಿ ಪ್ರದೇಶದ ಮಷೀನುಗಳನ್ನೆಲ್ಲ ಮುಚ್ಚಿಸುವ, ದೊಡ್ಡ ಕಾರ್ಖಾನೆಗಳಿಗೂ ರಾಡಿ ತೊಟ್ಟಿ ಕಡ್ಡಾಯ ಮಾಡುವ ಹೊಸ ನಿಯಮದ ಕರಡು ಅದು. ಜಾರಿಯಾದರೆ ನಲವತ್ತೊಂದು ಹಿತ್ತಲೂ ಸ್ತಬ್ಧ.

“ಸೋಮವಾರ ಕಲಬುರಗಿಯೊಳಗ ಮಂತ್ರಿಗಳು ಹತ್ತು ನಿಮಿಷ ಟೈಮ್ ಕೊಟ್ಟಾರಣ್ಣಾ. ನಮ್ದು, ನಿಮ್ದು ಕೂಡಿಸಿ ಒಂದೇ ಮನವಿ ಕೊಡೂಣು. ದೊಡ್ಡವರು ಸಣ್ಣವರು ಒಟ್ಟಿಗೆ ಬಂದಾರ ಅಂದ್ರ ಅವರಿಗೂ ಇಲ್ಲ ಅನ್ನಾಕ ಆಗಂಗಿಲ್ಲ. ನಿಮ್ಮಂಗ ಬರೆಯಾಕ ನನಗ ಬರಂಗಿಲ್ಲ. ನೀವು ಬರೀರಿ.”

ಇಷ್ಟು ಹೊಗಳಿಕೆಗೆ ಮಡಿವಾಳಯ್ಯ ಅರ್ಧ ಕರಗಿದ. ಆದರೂ ಕೇಳಿಯೇ ಬಿಟ್ಟ: “ಯಾರ ಲೆಟರ್‌ಹೆಡ್ ಮ್ಯಾಲ?”

“ಟೈಮ್ ಕೊಟ್ಟಿದ್ದು ಮಹಾಮಂಡಳಕ್ಕ ಅಣ್ಣಾ, ಅದರ ಮ್ಯಾಲೇ ಆಗ್ಬೇಕು.”

“ಕಾಗದ ಯಾರು ಕೊಡೂದು?”

“ನಾ ಕೊಡ್ತೀನಿ. ನೀವು ನನ್ನ ಬಾಜೂಕ ನಿಂದರ್ರಿ.”

ಬಾಜೂಕ! ತಾನು ಎತ್ತಿ ಆಡಿಸಿದ ಹುಡುಗನ ಬಾಜೂಕ! ಮಡಿವಾಳಯ್ಯನ ಮುಖ ಹುಳ್ಳಗಾಯಿತು. “ವಿಚಾರ ಮಾಡಿ ಹೇಳ್ತೀನಿ” ಎಂದು ಕಳಿಸಿದ. ವಿಚಾರ ಮಾಡಲಿಲ್ಲ, ಮಂತ್ರಿಗಳ ಪ್ರವಾಸದ ಪಟ್ಟಿ ಹುಡುಕಿದ. ಶನಿವಾರ ಚಂದಾಪುರದಲ್ಲಿ ಯಾವುದೋ ಕಟ್ಟಡದ ಉದ್ಘಾಟನೆ ಇತ್ತು. ಎರಡು ದಿನ ಮೊದಲೇ ಮನವಿ ಕೊಟ್ಟರೆ ಸೋಮವಾರ ಸಂತೋಷಕುಮಾರ ಹಳಸಿದ ಮಾತು ಆಡಬೇಕಾಗುತ್ತದೆ ಎಂದು ಲೆಕ್ಕ ಹಾಕಿದ.

ಆ ಮನವಿಯನ್ನು ಅವನು ಮನಸಿಟ್ಟು ಬರೆದ. ತಮ್ಮ ಕಷ್ಟ ಬರೆದು ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಪೆನ್ನು ತಮ್ಮನ ಕಡೆ ಎಳೆಯಿತು. ‘ಪಾಲಿಶ್ ಉದ್ಯಮದ ರಾಡಿಯಿಂದ ಹಳ್ಳದ ನೀರು ಕೆಟ್ಟು ಜನಜಾನುವಾರುಗಳಿಗೆ ತೀವ್ರ ತೊಂದರೆಯಾಗುತ್ತಿರುವುದು ನಿಜ. ಆದರೆ ಇದಕ್ಕೆ ವಾಡಿ ರಸ್ತೆಯ ದೊಡ್ಡ ಕಾರ್ಖಾನೆಗಳೇ ಕಾರಣವಾಗಿದ್ದು, ಮೊದಲು ಅವುಗಳ ಮೇಲೆ ಕ್ರಮ ಜರುಗಿಸಬೇಕು’ ಎಂದು ಸೇರಿಸಿದ. ಬರೆದಾದ ಮೇಲೆ ಮೈ ಹಗುರಾಯಿತು. ಹೆಂಡತಿಗೆ ಓದಿ ತೋರಿಸಿದ.

ಗುರುದೇವಿ ಕೈಗೆ ಮೆತ್ತಿದ್ದ ರಾಡಿ ತೊಳೆದುಕೊಳ್ಳುತ್ತಿದ್ದಳು. “ಈ ಮಾತು ಯಾಕ ಬೇಕಿತ್ತು? ರಾಡಿ ನಮ್ಮ ಹಿತ್ತಲದಾಗೂ ಹರೀತದಲ್ರಿ.”

“ನಿನಗ ಕಚೇರಿ ಭಾಷಾ ತಿಳಿಯಂಗಿಲ್ಲ, ಸುಮ್ನಿರು.”

ಶನಿವಾರ ಎರಡು ಟಂಟಂ ಗಾಡಿ ಮಾಡಿಕೊಂಡು, ಬಿಸಿಲಲ್ಲಿ ಬೇಯುತ್ತ, ಸಂಘದವರು ಚಂದಾಪುರ ಮುಟ್ಟಿದರು. ಮಂತ್ರಿಗಳು ಕಾರು ಹತ್ತುವ ಮೊದಲು ಒಂದು ಕ್ಷಣ ನಿಂತರು. ಕಾಗದದ ಅಂಚು ಮಡಿವಾಳಯ್ಯನ ಕೈಯಲ್ಲೇ ಇತ್ತು. ಮರುದಿನ ಪೇಪರಿನಲ್ಲಿ ಅವನ ಮುಖ ಸ್ಪಷ್ಟವಾಗಿ ಬಂತು. ಆ ಪುಟವನ್ನು ನಾಲ್ಕು ಮಡಿಕೆ ಮಾಡಿ, ತಮ್ಮನ ಮನೆಯ ಮುಂದೆ ಎರಡು ಸಲ ಸುಮ್ಮನೆ ಹಾದು ಹೋದ. ಸಂತೋಷಕುಮಾರ ಆಗಲೇ ಪೇಪರು ನೋಡಿದ್ದ. “ಮುಂಚೆ ಒಂದ್ ಮಾತ್ ಹೇಳಿದ್ರ ಚಲೋ ಇತ್ತಣ್ಣಾ” ಎಂದಷ್ಟೇ ಹೇಳಿ ಒಳಗೆ ಹೋದ. ಸೋಮವಾರ ಮಹಾಮಂಡಳದವರು ತಮ್ಮ ಹತ್ತು ನಿಮಿಷದಲ್ಲಿ ತಮ್ಮ ಮಾತು ಮಾತ್ರ ಆಡಿ ಬಂದರು.

ಎರಡು ತಿಂಗಳಲ್ಲಿ ಆದೇಶ ಬಂತು. ರಾಡಿ ತೊಟ್ಟಿ ಕಟ್ಟಿಕೊಳ್ಳಲು ದೊಡ್ಡ ಕಾರ್ಖಾನೆಗಳಿಗೆ ಎರಡು ವರ್ಷ ಗಡುವು. ಮನೆ ಹಿತ್ತಲ ಮಷೀನುಗಳಿಗೆ ಮುಚ್ಚಿಕೊಳ್ಳಲು ಮೂವತ್ತು ದಿನ.

ಸಂಘದ ಖೋಲಿ ಅವತ್ತು ಕಿಕ್ಕಿರಿದಿತ್ತು. ಕೂಲಿಯ ಹೆಂಗಸರೂ ಬಾಗಿಲಲ್ಲಿ ನಿಂತಿದ್ದರು. ಎಲ್ಲರ ಬಾಯಲ್ಲೂ ಸಂತೋಷಕುಮಾರ. ಅವನೇ ಒಳಗಿಂದ ಕತ್ತು ಕೊಯ್ದ, ದೊಡ್ಡವರನ್ನು ಉಳಿಸಿ ಸಣ್ಣವರನ್ನು ಮಾರಿಬಿಟ್ಟ ಎಂದು. ಮಡಿವಾಳಯ್ಯ ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ನಿಜ ಹೇಳಬೇಕೆಂದರೆ, ಮಷೀನು ಮುಚ್ಚುವ ಸಂಕಟದ ನಡುವೆಯೂ ಆ ಬೈಗುಳ ಅವನ ಕಿವಿಗೆ ಸಕ್ಕರೆಯಾಗಿತ್ತು.

ಸಂಘದ ಹಿರಿಯ ಸದಸ್ಯ ದೇವಿಂದ್ರ ಕೈ ಎತ್ತಿ ಗದ್ದಲ ನಿಲ್ಲಿಸಿದ. “ಸೆಕ್ರೆಟ್ರಿ ಸಾಹೇಬ್ರ, ಆದೇಶ ಒಂದ್ಸಲ ಪೂರಾ ಓದ್ರಿ. ಎಲ್ಲೆರ ಹಾದಿ ಐತೇನು ನೋಡೂಣು.”

ಮಡಿವಾಳಯ್ಯ ಕನ್ನಡಕ ಏರಿಸಿ ಓದಿದ. ವಿಷಯ ಓದಿದ. ಉಲ್ಲೇಖ ಒಂದು, ಕರಡು ಅಧಿಸೂಚನೆ. ಉಲ್ಲೇಖ ಎರಡು, ಇಲಾಖೆಯ ವರದಿ. ಅಲ್ಲಿಂದ ನೇರ ಆದೇಶದ ಭಾಗಕ್ಕೆ ಹಾರಿದ.

“ಮೂರನೇದು ಬಿಟ್ರಿ” ಎಂದಳು ಬಾಗಿಲಲ್ಲಿದ್ದ ಗುರುದೇವಿ. ಮನೆಯಲ್ಲಿ ಅವಳು ಅದನ್ನು ಆಗಲೇ ಓದಿದ್ದಳು.

ಮಡಿವಾಳಯ್ಯ ಮತ್ತೆ ಮೇಲಕ್ಕೆ ಬಂದು ಓದಬೇಕಾಯಿತು. ಮೂರನೆಯದು ಅವರದೇ ಸಂಘದ ಮನವಿ, ದಿನಾಂಕ ಸಮೇತ. ಕೆಳಗೆ ಎರಡೇ ಸಾಲು: ‘ರಾಡಿಯಿಂದ ಜನಜಾನುವಾರುಗಳಿಗೆ ತೀವ್ರ ತೊಂದರೆಯಾಗುತ್ತಿರುವುದು ನಿಜವೆಂದು ಉಲ್ಲೇಖ ಮೂರರಲ್ಲಿ ಪಾಲಿಶ್ ಮಾಲೀಕರ ಸಂಘವೇ ಒಪ್ಪಿಕೊಂಡಿರುವುದರಿಂದ, ಕ್ರಮ ಜರುಗಿಸುವುದು ಅವಶ್ಯವೆಂದು ಪರಿಗಣಿಸಲಾಗಿದೆ.’ ಮನವಿಯಲ್ಲಿ ‘ಆದರೆ’ಯಿಂದ ಮುಂದೆ ಇದ್ದುದನ್ನು ಯಾರೋ ಬಿಟ್ಟಿದ್ದರು. ಬಿಡಿಸಿದವನು ಸಂತೋಷಕುಮಾರನೋ, ಬೇರೆ ಯಾರೋ, ಯಾರಿಗೆ ಗೊತ್ತು. ಬರೆದು ಕೈಗೆ ಕೊಟ್ಟವನು ಮಾತ್ರ ಮಡಿವಾಳಯ್ಯ.

“ಇದು ನಾನೇ ಬರದದ್ದು” ಎಂದ. “ಸಂತೋಷನ ಮ್ಯಾಲಿನ ಸಿಟ್ಟಿಗೆ ಬರದೆ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. “ಹಂಗಾದ್ರ ಮಷೀನ್ ಮುಚ್ಚಿದ ಮ್ಯಾಲ ನಾ ಎಲ್ಲಿಗಿ ಹೋಗ್ಲಿರೀ?” ಎಂದು ಲಾಲಮ್ಮ ಕೇಳಿದಳು. ದೇವಿಂದ್ರ ಚಪ್ಪಲಿ ಮೆಟ್ಟಿಕೊಂಡ. “ನಡೀರಿ, ಸಂತೋಷಣ್ಣನ ಕಡೆ ಹೋಗೂಣು” ಎಂದ. ಈಗಷ್ಟೇ ಅವನನ್ನು ಬೈಯುತ್ತಿದ್ದ ಮಂದಿಯೆಲ್ಲ ಎದ್ದು ನಡೆದರು, ಬಾಗಿಲಲ್ಲಿದ್ದ ಹೆಂಗಸರೂ ಹೊರಟರು. ಹಿಂದೆ ಹಿಂದೆ ಮಡಿವಾಳಯ್ಯನೂ ಹೋದ.

ಸಂತೋಷಕುಮಾರ ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡಿಸಿದ. ಒಂದೆರಡು ಫೋನು ಮಾಡಿದ, ಬೆಳಿಗ್ಗೆ ಹೋಗಿ ಮಾತಾಡಿ ಬರುತ್ತೇನೆ ಎಂದ. “ಆದ್ರ ಕೈಯಾಗ ಒಂದು ಕಾಗದ ಇರಬೇಕು. ಅಣ್ಣಾ, ಬರೀರಿ” ಎಂದು ಮಹಾಮಂಡಳದ ಲೆಟರ್‌ಹೆಡ್ ಮುಂದಿಟ್ಟ. ಮಡಿವಾಳಯ್ಯ ಬರೆದ. ಈ ಸಲ ಒಂದು ಮಾತೂ ಹೆಚ್ಚಿಗೆ ಬರೆಯಲಿಲ್ಲ. ಮೇಲೆ ಸಂತೋಷಕುಮಾರ ಸಹಿ ಹಾಕಿದ. ಕೆಳಗೆ ಒಬ್ಬೊಬ್ಬರಾಗಿ ನಲವತ್ತು ಸಹಿ ಬಿದ್ದವು. ಕೊನೆಗೆ ಮಡಿವಾಳಯ್ಯ ಪೆನ್ನು ತೆಗೆದುಕೊಂಡಾಗ ಸಂತೋಷಕುಮಾರ ಕಾಗದದ ಮೇಲೆ ಮೆಲ್ಲಗೆ ಕೈ ಇಟ್ಟ.

“ನಿಮ್ದು ಬ್ಯಾಡಣ್ಣಾ. ನಿಮ್ಮ ಹೆಸರು ಕಂಡ್ರ ಅವರು ಹಳೇ ಕಾಗದ ತೆಗೀತಾರ.”

“ನಮ್ಮ ಮಷೀನಿಂದು?”

“ಅದು ನಂದು” ಎಂದಳು ಗುರುದೇವಿ. ಗಂಡನ ಕೈಯಿಂದ ಪೆನ್ನು ತೆಗೆದುಕೊಂಡಳು. ಕೆಳಗೆ ಜಾಗ ಮುಗಿದಿತ್ತು. ಮೇಲೆ, ಸಂತೋಷಕುಮಾರನ ಸಹಿಯ ಪಕ್ಕದಲ್ಲಿ ಒಂದಿಷ್ಟು ಖಾಲಿ ಇತ್ತು. ಅಲ್ಲೇ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಬರೆದಳು.

ಮಡಿವಾಳಯ್ಯ ಅದನ್ನು ನೋಡುತ್ತ ನಿಂತ. ಆ ಸಹಿಯಿಂದ ತನ್ನ ಮನೆಯ ಮಷೀನು ಉಳಿಯಬಹುದೆಂದು ಅವನಿಗೆ ಗೊತ್ತಿತ್ತು. ಆದರೂ ಅವಳ ಹೆಸರಿಗೆ ಸಿಕ್ಕ ಆ ಜಾಗ ಕಂಡು ಅವನ ಹೊಟ್ಟೆ ಉರಿಯಿತು.