ಆ ಕಡೆಗೆ ವಾಲಿದ ಗೀರು

ಕತ್ತಿ ಕಮ್ಮಾರರ ಊರಾದ ಒಸಾಫುನೆಯಲ್ಲಿ ಹಳೆಯ ಕತ್ತಿಯ ಮೇಲಿನ ಸವೆದ ಬರಹ ಓದಿಸಬೇಕೆಂದರೆ ಮಸೂಯೊ ಅವರ ಮನೆಗೇ ಬರಬೇಕು, ಬಂದು ಬೈಸಿಕೊಳ್ಳಲೂಬೇಕು. ಎಪ್ಪತ್ನಾಲ್ಕರ ಈ ಹೆಂಗಸು ವಿದ್ಯೆಯನ್ನು ಯಾರ ಮುಂದೆ ಕೂತೂ ಕಲಿತವರಲ್ಲ. ಗಂಡ ಕತ್ತಿಗೆ ಸಾಣೆ ಹಿಡಿಯುತ್ತಿದ್ದರು. ಹಿಡಿಯೊಳಗೆ ಅಡಗುವ ಕತ್ತಿಬುಡದ ಮೇಲೆ ತೆಳು ಕಾಗದವಿಟ್ಟು, ಮಸಿಗಟ್ಟಿ ಉಜ್ಜಿ, ಅಚ್ಚು ತೆಗೆಯುವ ಕೆಲಸ ಇವರದು. ಕಮ್ಮಾರರು ಹೆಸರು ಕೊರೆಯುವುದು ಅಲ್ಲೇ. ನಲವತ್ತು ವರ್ಷದ ಅಚ್ಚಿನ ಕಟ್ಟುಗಳು ಗಂಡ ಹೋದ ಮೇಲೂ ಉಳಿದವು, ಓದುವ ಕಣ್ಣೂ ಉಳಿಯಿತು. ಬಾಯಂತೂ ಮೊದಲಿನಿಂದಲೂ ಜೋರೇ.

ಒಂದು ಬೆಳಿಗ್ಗೆ ಹಿರೋಮು ಬಂದರು. ಬಸ್ಸು ಓಡಿಸಿ ನಿವೃತ್ತರಾದವರು, ಮೆತ್ತಗಿನ ಮನುಷ್ಯ. ಸೋದರತ್ತೆಯ ಮನೆಯ ಅಟ್ಟದಲ್ಲಿ ಸಿಕ್ಕ ಕತ್ತಿಯನ್ನು, ಪೊಲೀಸರಿಗೆ ತಿಳಿಸಿ ಕಾಗದಪತ್ರ ಮಾಡಿಸಿ, ಬಟ್ಟೆ ಸುತ್ತಿ ತಂದಿದ್ದರು.

"ನಮ್ಮ ತಾತ ಕತ್ತಿ ಕಮ್ಮಾರ, ನೊಬುಶಿಗೆ ಅಂತ ಹೆಸರು. ಅವರು ಬಡಿದ ಕತ್ತಿಯೇನೋ ಅಂತ ಆಸೆ ಅಕ್ಕಾ. ಯುದ್ಧ ಮುಗಿದಾಗ ಗೆದ್ದ ಸೈನ್ಯದೋರು ಕತ್ತಿಗಳನ್ನೆಲ್ಲಾ ಹೊತ್ಕೊಂಡು ಹೋದ್ರು. ಮನೇಲಿ ಅವರು ಮಾಡಿದ ಒಂದು ಚೂರಿನೂ ಇಲ್ಲ. ಮುಂದಿನ ತಿಂಗಳು ಐವತ್ತನೇ ವರ್ಷದ ತಿಥಿ. ಅವರದೇ ಅಂತಾದ್ರೆ ಅವರ ಮುಂದೆ ಇಡ್ತೀನಿ."

ಮಸೂಯೊ ಬಿದಿರಿನ ಮೊಳೆ ತಳ್ಳಿ ಹಿಡಿ ಕಳಚಿದರು. ಮುಖ ಸಪ್ಪಗಾಯಿತು. ಬರಹವಿರಬೇಕಾದ ಮಗ್ಗುಲು ಹೊಸ ಚಮಚದ ಹಾಗೆ ಹೊಳೆಯುತ್ತಿತ್ತು.

"ಯಾರು ಉಜ್ಜಿದ್ದು ಇದನ್ನ?"

"ನಾನೇ. ಕೊಳಕಾಗಿ ನಿಮ್ಮ ಮುಂದೆ ತಂದಿಡೋದು ಮರ್ಯಾದೆ ಅಲ್ಲ ಅಂತ... ಉಪ್ಪುಕಾಗದದಲ್ಲಿ."

"ನೆಂಟರ ಮನೆಗೆ ಮುಖ ತೊಳೆಸಿ ಕರ್ಕೊಂಡ್ ಬಂದ್ರಾ? ಆ ಕರೀ ತುಕ್ಕೇ ಕಣ್ರೀ ಇದರ ವಯಸ್ಸು. ಅದನ್ನೂ ತೆಗೆದ್ರಿ, ಹೆಸರನ್ನೂ ತೆಗೆದ್ರಿ."

ಕೊನೆಯ ಅಕ್ಷರದ ಕೆಳಗಿನ ನಾಲ್ಕು ಗೆರೆ ಮಾತ್ರ ಉಳಿದಿತ್ತು. ಹಿರೋಮು ತಲೆ ತಗ್ಗಿಸಿದರು. ಚಹಾ ಹಾಗೇ ಆರಿತು. ತಾತನನ್ನು ತಾನೇ ಕೈಯಾರೆ ಅಳಿಸಿಬಿಟ್ಟೆನಲ್ಲ ಎಂದು ಆ ಮನುಷ್ಯನಿಗೆ ಅಳು ಬರುವಂತಾಗಿತ್ತು. ಬೈದದ್ದು ಹೆಚ್ಚಾಯಿತೆಂದು ಮಸೂಯೊಗೂ ಅನ್ನಿಸಿತು.

ಅವರು ಕತ್ತಿಯನ್ನು ಮಗುಚಿದರು. ಬರಹವಿಲ್ಲದ ಆ ಮಗ್ಗುಲನ್ನು ಹಿರೋಮು ಮುಟ್ಟಿರಲಿಲ್ಲ, ಪುಣ್ಯಕ್ಕೆ. ಕರೀ ತುಕ್ಕಿನಡಿ ಕಮ್ಮಾರ ಅರ ಹಾಕಿದ ಗೀರುಗಳು ಹಾಗೇ ಇದ್ದವು. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮತ್ತೊಮ್ಮೆ ನೋಡಿದರು.

"ನಿಮ್ಮ ಮನೇಲಿ ಎಡಗೈಯವರು ಯಾರಾದ್ರೂ ಇದ್ರಾ?"

"ತಾತ. ಆಮೇಲೆ... ನಾನೂ. ಅಪ್ಪ ಆ ಕೈ ಕಟ್ಟಿಹಾಕಿ ಅಭ್ಯಾಸ ಬಿಡಿಸಿದ್ರು."

ಮಸೂಯೊ ಎದ್ದುಹೋಗಿ ಹಳೆಯದೊಂದು ಕಟ್ಟು ಬಿಚ್ಚಿ ಅಚ್ಚೊಂದನ್ನು ತಂದರು. ಗಂಡನ ಅಪ್ಪನ ಕಾಲದ್ದು, ಯುದ್ಧದ ನಂತರ ಕಾಣೆಯಾದ ಕತ್ತಿಯದು. ಅದರಲ್ಲಿ ನೊಬುಶಿಗೆ ಎಂಬ ಹೆಸರು ಪೂರ್ತಿ ಇತ್ತು.

"ಈ ಊರಲ್ಲಿ ಎಲ್ಲರೂ ಬಲಗೈಲಿ ಅರ ಹಾಕೋದು, ಗೀರು ಈ ಕಡೆ ವಾಲುತ್ತೆ. ಈ ಅಚ್ಚಿನದು ಆ ಕಡೆ. ನಿಮ್ಮ ಕತ್ತಿದೂ ಆ ಕಡೆ. ಅಷ್ಟಕ್ಕೇ ನಾನು ಹೂಂ ಅನ್ನಲ್ಲ, ತಾಳಿ."

ಉಜ್ಜಿದ ಮಗ್ಗುಲಿನ ಅಚ್ಚು ತೆಗೆದು, ಹಳೆಯದರ ಮೇಲಿಟ್ಟು, ಕಿಟಕಿಗೆ ಹಿಡಿದರು. ಉಳಿದ ನಾಲ್ಕು ಗೆರೆಗಳು ಹಳೆಯ ಅಕ್ಷರದ ಗೆರೆಗಳ ಮೇಲೆ ಕೂದಲೆಳೆಯೂ ತಪ್ಪದೆ ಕೂತವು.

"ತಾತನ ಮುಂದೆ ಇಡಿ. ಅವರದೇ. ಕಾಣೆಯಾದ ಆ ಕತ್ತೀನೇ ಇದು."

ಮಸೂಯೊ ಇನ್ನೊಂದು ಕಾಗದವನ್ನು ಗೀರಿನ ಮಗ್ಗುಲಿಗೆ ಹಾಸಿ ಮಸಿಗಟ್ಟಿ ಚಾಚಿದರು. "ಇದರ ಅಚ್ಚು ನೀವೇ ತೆಗೀರಿ." ಆತ ಬಲಗೈ ಒಡ್ಡಿದರು. ಮಸೂಯೊ ಕೊಡಲಿಲ್ಲ.

"ಆ ಕೈ ಅಲ್ಲ."

ಹಿರೋಮು ಎಡಗೈಯಲ್ಲಿ ತೆಗೆದುಕೊಂಡು ಉಜ್ಜತೊಡಗಿದರು. ತಾತನ ಗೀರುಗಳು ಒಂದೊಂದೇ ಕಾಗದದ ಮೇಲೆ ಮೂಡಿದವು.