‘ಸಾಹೇಬರು ಊರಲ್ಲಿಲ್ಲ’ ಎಂದು ಬರೆಯದ ಶೇವಂತಾಬಾಯಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕರಂಜಗಾವ್‌ನ ಕಾಪಡ ಪೇಠೆಯ ಓಣಿಯಲ್ಲಿ ಶೇವಂತಾ ವಾಘಮೋಡೆ ಸ್ಕೂಟರ್ ಬಂದ್ ಮಾಡಿ, ಸದ್ದಾಗದಂತೆ ತಳ್ಳಿಕೊಂಡು ಬರುತ್ತಾರೆ. ಹೆಗಲಿಗೆ ಖಾಕಿ ಚೀಲ. ಒಳಗೆ ನ್ಯಾಯಾಲಯದ ಮೊಹರು ಬಿದ್ದ ಸಮನ್ಸುಗಳು, ಗೋಧಿಹಿಟ್ಟಿನ ಅಂಟು ತುಂಬಿದ ಡಬ್ಬಿ. ಬಾಗಿಲು ತಟ್ಟಿದರೆ ಒಳಗಿಂದ ಹೆಂಗಸಿನ ದನಿ: “ಮಾಲಕರು ಊರಾಗಿಲ್ಲ!” ಅದೇ ಹೊತ್ತಿಗೆ ಹಿತ್ತಲ ಗೋಡೆಯ ಮೇಲೆ ಮಾಲಕರ ಒಂದು ಕಾಲು ಕಾಣಿಸುತ್ತದೆ.

“ಇಳೀರಿ ಭಾವು, ಬಿದ್ದೀರಿ!” ಶೇವಂತಾಬಾಯಿ ಕೂಗುತ್ತಾರೆ. “ಕೋರ್ಟಿಗಾದ್ರ ಕರದ ದಿನ ಬಂದ್ರ ಸಾಕು. ಕಾಲ್ ಮುರಕೊಂಡ್ರ ದವಾಖಾನಿ ಬಿಡಂಗಿಲ್ಲ ನಿಮ್ಮನ್ನ.”

ಕಾಲು ಇಳಿಯುತ್ತದೆ. ಮಾಲಕರು ಲುಂಗಿ ಕೊಡವಿಕೊಂಡು ಬಂದು ಸಹಿ ಹಾಕುತ್ತಾರೆ. ನಾಚಿಕೊಂಡೇ ಚಹಾ ತಂದ ಅವರ ಹೆಂಡತಿಗೆ ಶೇವಂತಾಬಾಯಿ ಕೈಮುಗಿಯುತ್ತಾರೆ. “ಬ್ಯಾಡ ವಹಿನಿ. ಇಲ್ಲಿ ಚಹಾ ಕುಡದ್ರ ನಾಳಿ ಮಂದಿ, ಬೇಲಿಫ್‌ಬಾಯಿ ಅವರ ಕಡಿಯಾಕಿ ಅಂತಾರ.”

ಕರಂಜಗಾವ್‌ನ ಸಿವಿಲ್ ನ್ಯಾಯಾಲಯದಲ್ಲಿ ಶೇವಂತಾಬಾಯಿ ಸಮನ್ಸ್ ಮುಟ್ಟಿಸುವ ಬೇಲಿಫ್. ನ್ಯಾಯಾಧೀಶರ ಹೆಸರು ಪೇಪರಿನಲ್ಲಿ ಬರುತ್ತದೆ, ವಕೀಲರ ಹೆಸರು ಬೋರ್ಡಿನ ಮೇಲೆ ಇರುತ್ತದೆ. ಇವರ ಹೆಸರು ಎಲ್ಲೂ ಇಲ್ಲ. ಆದರೆ ಎದುರಾಳಿಯ ಕೈಗೆ ಸಮನ್ಸ್ ಮುಟ್ಟುವ ತನಕ ಯಾವ ದಾವೆಯೂ ಒಂದು ಹೆಜ್ಜೆ ಮುಂದೆ ಹೋಗುವುದಿಲ್ಲ. ಹೀಗಾಗಿ ದೊಡ್ಡವರಿಗೆ ಕೇಸು ಗೆಲ್ಲುವ ಉಸಾಬರಿಯೇ ಬೇಕಿಲ್ಲ. ಸಿಗದೇ ಇದ್ದರಾಯಿತು. ಬೇಲಿಫ್ ‘ಊರಲ್ಲಿಲ್ಲ’ ಎಂದು ಬರೆದರಾಯಿತು. ಬಡವ ಮುಂದಿನ ತಾರೀಖು ಕೇಳಿಕೊಂಡು ಮನೆಗೆ ಹೋಗುತ್ತಾನೆ.

ಶೇವಂತಾಬಾಯಿಯ ಗಂಡ ಮಾರುತಿ ಇದೇ ನ್ಯಾಯಾಲಯದಲ್ಲಿ ಬೇಲಿಫ್ ಆಗಿದ್ದವರು. ಒಂದು ಸಂಜೆ ಅಂಗಿ ಹರಿದುಕೊಂಡು, ತುಟಿ ಒಡೆದುಕೊಂಡು ಬಂದರು. ಸೈಕಲ್ ಮೇಲಿಂದ ಬಿದ್ದೆ ಎಂದರು. “ಸೈಕಲ್ ಮ್ಯಾಲಿಂದ ಬಿದ್ದವ್ರಿಗಿ ಕಪಾಳದ ಮ್ಯಾಲ ಬಟ್ಟು ಮೂಡ್ತಾವೇನ್ರಿ?” ಎನ್ನುತ್ತಾರೆ ಶೇವಂತಾಬಾಯಿ. “ಯಾರು ಅಂತ ಕೇಳ್ದೆ. ಭಾಕರಿ ಬಡಿ, ಹಸಿವಾಗ್ಯದ ಅಂದ್ರು. ತಾಟು ಮುಂದಿಟ್ರ ಉಣ್ಣಲಿಲ್ಲ.” ಮುಂದೆ ಕಾಮಾಲೆಯಲ್ಲಿ ಮಾರುತಿ ತೀರಿಕೊಂಡರು. ಅನುಕಂಪದ ಮೇಲೆ ಕೆಲಸ ಹೆಂಡತಿಗೆ ಬಂತು. ಹೆಂಗಸಿಗೆ ಬೇಲಿಫ್ ಕೆಲಸವೇ ಎಂದು ಕಚೇರಿಯಲ್ಲಿ ನಕ್ಕರು. ಕುಳಿತು ಮಾಡುವ ಕೆಲಸ ಕೊಡುತ್ತೇವೆ ಎಂದರು. ಇವರು ಗಂಡನ ಚೀಲವನ್ನೇ ಕೇಳಿ ತೆಗೆದುಕೊಂಡರು.

ಆ ಕಾಲಕ್ಕೆ ನಿಂಬೋರೆ ವಸ್ತಿಯಲ್ಲಿ ನೆಲೆನಿಂತ, ಅಲೆಮಾರಿ ಬೇಟೆಗಾರ ಕುಲದ ಪಾರಧಿ ಜನರ ದಾವೆ ಧೂಳು ತಿನ್ನುತ್ತ ಬಿದ್ದಿತ್ತು. ವಸ್ತಿಯಿಂದ ಡಾಂಬರು ರಸ್ತೆಗೆ ಇದ್ದದ್ದು ಒಂದೇ ದಾರಿ. ಊರಿನ ದೊಡ್ಡ ಜಮೀನುದಾರ ದೌಲತರಾವ್ ನಿಂಬೋರೆ ಅದಕ್ಕೆ ಅಡ್ಡಲಾಗಿ ಗೋಡೆ ಎಬ್ಬಿಸಿದ್ದ. ಉಳಿದ ಕಡೆಗೆಲ್ಲ ಹಳ್ಳ. ಮಳೆಗಾಲದಲ್ಲಿ ಬಿಜಲಾಬಾಯಿ ಕಾಳೆಯ ಸೊಸೆಗೆ ಹೆರಿಗೆ ನೋವು ಬಂದಾಗ ಹೊರಸಿನ ಮೇಲೆ ಹಳ್ಳ ಸುತ್ತಿಸಿ ಹೊತ್ತೊಯ್ದರು. ಸೊಸೆ ಉಳಿದಳು, ಕೂಸು ಉಳಿಯಲಿಲ್ಲ. ಬಿಜಲಾಬಾಯಿ ಕೋರ್ಟಿಗೆ ಹೋದಳು. ಸಮನ್ಸ್ ಹೋದಷ್ಟು ಸಲವೂ ದೌಲತರಾವ್ ‘ಊರಲ್ಲಿರಲಿಲ್ಲ’.

ಆ ಸಮನ್ಸ್ ಈಗ ಶೇವಂತಾಬಾಯಿಯ ಪಾಲಿಗೆ ಬಂತು. ನಸುಕಿನಲ್ಲೇ ಬಂಗಲೆಯ ಗೇಟಿಗೆ ಹೋದರು. ಕಾವಲುಗಾರ ನಾಮದೇವ, “ಸಾಹೇಬರು ಮುಂಬೈಗಿ ಹೋಗ್ಯಾರ” ಎಂದ. ಸಾಹೇಬರು ಅವನ ಬೆನ್ನ ಹಿಂದೆಯೇ, ಪಡಸಾಲೆಯ ಜೋಕಾಲಿಯಲ್ಲಿ ಕುಳಿತು ಪೋಹೆ ತಿನ್ನುತ್ತಿದ್ದರು.

“ಬರಕೋ ಬಾಯಿ, ನಾ ಮುಂಬೈಯಾಗ ಅದೀನಿ,” ಎಂದು ದೌಲತರಾವ್ ಅಲ್ಲಿಂದಲೇ ನಕ್ಕ.

“ನನ್ನ ಕಣ್ಣಿಗಿ ಇಲ್ಲೇ ಕಾಣಾಕತ್ತೀರಿ, ಸಾಹೇಬ.”

“ನಿನ್ನ ಗಂಡ ಶಾಣ್ಯಾ ಇದ್ದ. ಮೊದಲ ಅವನಿಗೂ ತಿಳೀಲಿಲ್ಲ. ಒಮ್ಮೆ ತಿಳಿಸಿ ಹೇಳಿದ್ವಿ, ಆಮ್ಯಾಲ ಚೊಲೋ ಬರದ.”

ಆ ಹರಿದ ಅಂಗಿ ಯಾವ ಗೇಟಿನದು ಎಂದು ಶೇವಂತಾಬಾಯಿಗೆ ಗೊತ್ತಾದದ್ದು ಆಗ. “ಹೊಳ್ಳಿ ಹೋಗಿಬಿಡ್ಲೇನು ಅನಸ್ತು,” ಎಂದು ಒಪ್ಪಿಕೊಳ್ಳುತ್ತಾರೆ. “ಆದ್ರ ಹೊಳ್ಳಿ ಹೋದ್ರ ನಮ್ಮ ಮನಿಯವರು ಎರಡನೇ ಸಲ ಹೊಡತ ತಿಂದಂಗ ಆಗ್ತಿತ್ತು.” ಸಮನ್ಸನ್ನು ಗೇಟಿನ ಸರಳಿನ ಸಂದಿಯಿಂದ ಚಾಚಿದರು. ದೌಲತರಾವ್ ಎದ್ದು ಬಂದು, ಕಾಗದವನ್ನು ಮುಟ್ಟದೆ, ಬಾಯಿ ಮುಕ್ಕಳಿಸಿ ಇವರ ಕಾಲ ಬಳಿ ಉಗುಳಿ ಒಳಗೆ ಹೋದ.

ಬೇಡವೆಂದವರ ಬಾಗಿಲಿಗೆ ಸಮನ್ಸ್ ಅಂಟಿಸಿದರೂ ಮುಟ್ಟಿದಂತೆಯೇ. ಆದರೆ ಸಾಕ್ಷಿಗಳು ಬೇಕು. ಶೇವಂತಾಬಾಯಿ ಗೇಟಿನೆದುರಿನ ಚೌಕದಲ್ಲಿ ನಿಂತು ಕೇಳಿದರು. ಕಟಿಂಗ್ ಅಂಗಡಿಯವನು ಕನ್ನಡಿ ಒರೆಸತೊಡಗಿದ. ಮಾಸ್ತರರಿಗೆ ಶಾಲೆಗೆ ಹೊತ್ತಾಯಿತು. ಕಟ್ಟೆಯ ಮೇಲಿನ ಮುದುಕರಿಗೆ ಕಿವಿ ಕೇಳಲಿಲ್ಲ. ಬಿಸಿಲೇರುವ ತನಕ ನಿಂತರು. ಕೊನೆಗೆ ಚಹಾದಂಗಡಿಯ ಹೌಸಾಬಾಯಿ, ಮಕ್ಕಳಿಲ್ಲದ ವಿಧವೆ, ಸೆರಗಿಗೆ ಕೈ ಒರೆಸಿಕೊಂಡು ಎದ್ದು ಬಂದಳು.

“ತಾ, ಹೆಬ್ಬಟ್ಟು ಎಲ್ಲಿ ಒತ್ತಲಿ? ನನ್ನ ಕಡಿಂದ ಏನ್ ಕಸಗೊಳ್ತಾನವ, ಚಹಾದ ಬೋಗುಣಿ?”

ಇನ್ನೊಬ್ಬರು ಬೇಕಿತ್ತು. ಹೌಸಾಬಾಯಿ ಗೇಟಿನ ಕಡೆ ತಿರುಗಿ ಒದರಿದಳು: “ಏ ನಾಮ್ಯಾ! ಪೋಹೆ ತಿನ್ನಾವ ಮುಂಬೈಯಾಗ ಇದ್ದಾನೋ, ನಿನ್ನ ಹಿಂದ ಇದ್ದಾನೋ? ನಿನಗೂ ಹೆಣ್ಮಕ್ಕಳದಾವ. ಆ ಹೊರಸು ಹ್ವಾದದ್ದು ನೀ ಈ ಗೇಟಿನಿಂದನ ನೋಡೀದಿ.”

ನಾಮದೇವ ಲಾಠಿಯನ್ನು ಗೇಟಿಗೆ ಒರಗಿಸಿ ಹೊರಗೆ ಬಂದು ಸಹಿ ಹಾಕಿದ. ಸಮನ್ಸ್ ಅಂಟಿಸುವಾಗ ಕಾಗದದ ತುದಿ ಹಿಡಿದುಕೊಂಡವನೂ ಅವನೇ. ಮರುದಿನವೇ ಅವನ ನೌಕರಿ ಹೋಯಿತು. ಈಗ ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿ ಹುರಿದು ಮಾರುತ್ತಾನೆ. ಬೇಸರವಿದೆಯೇ ಎಂದು ಕೇಳಿದೆ. “ಅಲ್ಲಿ ಪಗಾರ ಚೊಲೋ ಇತ್ತು,” ಎಂದ. ಪೊಟ್ಟಣ ಕಟ್ಟುತ್ತ, “ಇಲ್ಲಿ ನಿದ್ದಿ ಚೊಲೋ ಅದ” ಎಂದ.

ದೌಲತರಾವ್‌ನ ವಕೀಲರು ಕಟಕಟೆಯಲ್ಲಿ ಶೇವಂತಾಬಾಯಿಯನ್ನು ಅರ್ಧ ದಿನ ನಿಲ್ಲಿಸಿ, ಗಂಡನ ಸೇಡಿಗೆ ಸುಳ್ಳು ಹೇಳುತ್ತಿದ್ದೀಯ ಎಂದು ಜರೆದರು. “ಸೇಡು ಅದರೀ,” ಎಂದು ಅವರು ನ್ಯಾಯಾಧೀಶರಿಗೆ ಹೇಳಿದರು. “ಸುಳ್ಳಿಲ್ಲ.” ನ್ಯಾಯಾಧೀಶರು ಹೌಸಾಬಾಯಿಯನ್ನೂ ನಾಮದೇವನನ್ನೂ ಕರೆಸಿ ಕೇಳಿದರು. ಸಮನ್ಸ್ ಮುಟ್ಟಿದೆ ಎಂದಾಯಿತು. ದಾವೆ ನಡೆಯಿತು. ಗೋಡೆ ತೆಗೆಯಬೇಕೆಂದು ಆದೇಶವಾಯಿತು. ಆದೇಶ ಜಾರಿ ಮಾಡುವವರೂ ಬೇಲಿಫರೇ. ಗುದ್ದಲಿಯವರನ್ನೂ ಪೊಲೀಸರನ್ನೂ ಕರೆದುಕೊಂಡು ಹೋಗಿ ಶೇವಂತಾಬಾಯಿ ಗೋಡೆಯ ಮುಂದೆ ನಿಂತರು.

“ಆಕಿ ಅತ್ತಾಗ, ನಾ ಇತ್ತಾಗ,” ಎಂದು ಬಿಜಲಾಬಾಯಿ ನೆನೆಯುತ್ತಾಳೆ. “ಇಟ್ಟಂಗಿ ಬಿದ್ದು ಮಾರಿಗಿ ಮಾರಿ ಕಂಡ್ವು. ನನ್ನ ಸೊಸಿ ಎಲ್ಲಾರಿಗಿಂತ ಮೊದಲ ದಾಟಿ ರಸ್ತಾಕ್ಕ ಹ್ವಾದ್ಲು. ಎಲ್ಲಿಗೂ ಹೋಗೂದಿರಲಿಲ್ಲ ಆಕಿಗಿ. ಸುಮ್ನ ನಿಂತು ಬಂದ್ಲು.”

ಇದಕ್ಕೆ ಸಿಕ್ಕ ಬಹುಮಾನವೂ ಇದೆ. ಬಂಗಲೆಯಲ್ಲಿ ಅನುಚಿತವಾಗಿ ನಡೆದುಕೊಂಡರೆಂಬ ದೂರು, ವಿಚಾರಣೆ, ಜಿಲ್ಲೆಯ ಆ ತುದಿಗೆ ವರ್ಗ. ವಿಚಾರಣೆಯಲ್ಲಿ ಏನೂ ಸಿಗಲಿಲ್ಲ. ಆದರೂ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು, ಬಾಡಿಗೆ ಕೋಣೆಯಲ್ಲಿ ಭಾಕರಿ, ಹಸಿಮೆಣಸಿನ ಠೇಚಾ ತಿಂದುಕೊಂಡು ದಿನ ಕಳೆದರು. ಅಲ್ಲೂ ‘ಊರಲ್ಲಿಲ್ಲ’ ಎಂದು ಬರೆಯಲಿಲ್ಲ.

ಈ ಬೇಸಿಗೆಯಲ್ಲಿ ಮರಳಿ ಬಂದಿದ್ದಾರೆ. ಬಂದ ವಾರ ನಾನು ಕಚೇರಿಯಲ್ಲೇ ಇದ್ದೆ. ಬೇಲಿಫರಿಗೆ ಸಮನ್ಸ್ ಹಂಚುವ ನಾಜರ್, ಒಂದು ಕಾಗದ ಹಿಡಿದು ಎಲ್ಲರ ಮುಖ ನೋಡಿದರು. ದೌಲತರಾವ್ ಮೇಲೆ ಹೊಸ ದಾವೆ, ಈ ಸಲ ಬಾವಿಯದು. ಗಂಡಸರೊಬ್ಬರಿಗೆ ಸೊಂಟನೋವು ಶುರುವಾಯಿತು. ಇನ್ನೊಬ್ಬರ ಗಾಡಿ ಪಂಕ್ಚರ್ ಆಗಿತ್ತು.

“ತಾಯಿ, ನೀವಂತೂ ಬ್ಯಾಡ,” ಎಂದರು ನಾಜರ್. “ಈಗಷ್ಟೇ ಬಂದೀರಿ.”

ಶೇವಂತಾಬಾಯಿ ಕೈ ಚಾಚಿದರು.

“ಕೊಡ್ರಿ ಇತ್ತಾಗ. ಆ ಮನಿ ನನಗ ಗೊತ್ತದ.”